ಹನ್ನೆರಡು ತೊಲೆಯ ಕರಡಿಗೆ

ಕಮಲಾಪುರದ ಗೊಬ್ಬರದಂಗಡಿ ಮಲ್ಲಣ್ಣನ ಮನೆಯಲ್ಲಿ ಯಾರಿಗೆ ಏನಾದರೂ ಮೊದಲು ತೋರಿಸುವುದು ಶರಣಮ್ಮನಿಗೆ. ಮಲ್ಲಣ್ಣನ ತಾಯಿ ಆಕೆ. ಎಪ್ಪತ್ತನಾಲ್ಕು ವರ್ಷ. ಬಾಯಲ್ಲಿ ಹಲ್ಲು ಆರೋ ಏಳೋ ಉಳಿದಿದ್ದವು, ಮಾತು ಮಾತ್ರ ಒಂದೂ ಉದುರಿರಲಿಲ್ಲ. ಕೂಸಿನ ಹೊಟ್ಟೆನೋವಿಗೆ ಬಜೆ, ಕೆಮ್ಮಿಗೆ ಆಡುಸೋಗೆ, ಕಾಲು ಉಳುಕಿದರೆ ಎಣ್ಣೆ ಹಚ್ಚಿ ನೀವುವುದು, ದೃಷ್ಟಿಯಾದರೆ ಉಪ್ಪು-ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುವುದು, ಎಲ್ಲಕ್ಕೂ ಆಕೆಯ ಕೈಯೇ ಬೇಕು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಆ ಓಣಿಯ ಮಟ್ಟಿಗೆ ಸುಳ್ಳಾಗಿತ್ತು. ಸರಕಾರಿ ದವಾಖಾನೆ ಕೂಗಳತೆಯಲ್ಲಿದ್ದರೂ ಹೆಂಗಸರು ಮೊದಲು ಶರಣಮ್ಮನ ಕಟ್ಟೆ ಹತ್ತುತ್ತಿದ್ದರು. ಇದು ಆಕೆಗೂ ಗೊತ್ತಿತ್ತು, ಗೊತ್ತಿರುವುದು ಆಕೆಯ ನಡಿಗೆಯಲ್ಲೇ ಕಾಣುತ್ತಿತ್ತು.

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಶರಣಮ್ಮ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಒಳಗೆ ಸೊಸೆ ಜಯದೇವಿ ರೊಟ್ಟಿ ಬಡಿಯುತ್ತಿದ್ದಳು. ಇಪ್ಪತ್ತೆಂಟು ವರ್ಷದಿಂದ ಕೇಳಿದ ಸಪ್ಪಳ ಅದು, ಇದ್ದಾಗ ಕಿವಿಗೆ ಬೀಳುತ್ತಲೇ ಇರಲಿಲ್ಲ. ಅವತ್ತು ನಡುವೆ ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಆಮೇಲೆ ರೊಟ್ಟಿ ಹೊತ್ತಿದ ವಾಸನೆ ಬಂತು. ಜಯದೇವಿ ರೊಟ್ಟಿ ಹೊತ್ತಿಸಿದ್ದನ್ನು ಆ ಮನೆಯಲ್ಲಿ ಯಾರೂ ಕಂಡವರಿಲ್ಲ. ಶರಣಮ್ಮ ಮೊರ ಕೆಳಗಿಟ್ಟು ಒಳಗೆ ಹೋದಳು.

ಜಯದೇವಿ ಹಿಟ್ಟು ಮೆತ್ತಿದ ಕೈಯನ್ನು ಸೆರಗಿನೊಳಗೆ ಎಡಗಡೆ ಒತ್ತಿಕೊಂಡು ಕೂತಿದ್ದಳು.

“ಅತ್ತಿ, ಇಲ್ಲೊಂದು ಗಂಟು ಆಗ್ಯಾದ ನೋಡ್ರಿ. ಮುಂಜಾನಿ ಪೂಜಾ ಮಾಡಿ ಕರಡಗಿ ಮುಚ್ಚೂ ಮುಂದ ಕೈಗಿ ಹತ್ತಿತು.”

ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು, ಶಿವದಾರದಿಂದ ಎದೆಯ ಮೇಲೆ ಕಟ್ಟಿಕೊಳ್ಳುವುದು ಆ ಮನೆಯ ನೇಮ. ದಿನಾ ಪೂಜೆಗೆ ಲಿಂಗ ಅಂಗೈಗೆ ಬರುತ್ತದೆ, ಪೂಜೆ ಮುಗಿದ ಮೇಲೆ ಮತ್ತೆ ಎದೆಗೆ ಹೋಗುತ್ತದೆ. ಉಳಿದಂತೆ ಸ್ನಾನಕ್ಕಾಗಲಿ ನಿದ್ದೆಗಾಗಲಿ ಮೈ ಬಿಡುವುದಿಲ್ಲ. ಶರಣಮ್ಮ ಅಡುಗೆಮನೆಯ ಬಾಗಿಲು ಮುಚ್ಚಿ, ಸೊಸೆಯ ಎದೆ ಮುಟ್ಟಿ ನೋಡಿದಳು. ಎಡಮೊಲೆಯ ಒಳಬದಿಗೆ, ಕರಡಿಗೆ ಸದಾ ತಾಗುವ ಜಾಗದಲ್ಲಿ, ಹುಣಸೆಬೀಜದಷ್ಟು ಗಟ್ಟಿ ಗಂಟು. ಒತ್ತಿದರೆ ಜಾರುತ್ತಿರಲಿಲ್ಲ, ಅಲ್ಲೇ ಕೂತಿರುತ್ತಿತ್ತು.

“ನೋವು ಅದ ಏನು?”

“ಇಲ್ರಿ. ಏನೂ ಇಲ್ಲ.”

“ನೋವು ಇಲ್ಲಂದ್ರ ಹೆದರೂದು ಬ್ಯಾಡ,” ಎಂದಳು ಶರಣಮ್ಮ. ಅಷ್ಟು ಹೇಳುವಾಗಲೇ ಆಕೆಗೆ ಕಾರಣವೂ ಹೊಳೆದಿತ್ತು, ಔಷಧವೂ ಹೊಳೆದಿತ್ತು.

ಆಕೆಗೆ ಮೂವತ್ತೆರಡು ವರ್ಷವಿದ್ದಾಗ, ಕಿರಿಯ ಮಗಳಿನ್ನೂ ಮೊಲೆ ಬಿಟ್ಟಿರದ ದಿನಗಳಲ್ಲಿ, ಆಕೆಗೂ ಅದೇ ಕಡೆ ಇಂಥದ್ದೇ ಗಂಟು ಆಗಿತ್ತು. ಆಕೆಯ ಅತ್ತೆ ನೋಡಿ, ಬೆಳ್ಳಿಯ ಭಾರಕ್ಕೆ ಆಗಿದೆ ಎಂದು ಕರಡಿಗೆ ತೆಗೆಸಿ, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಿದ್ದಳು. ದಿನಾ ನೆನೆಸಿದ ವಿಭೂತಿ ಹಚ್ಚಿದ್ದಳು. ಒಂದೂವರೆ ತಿಂಗಳಲ್ಲಿ ಗಂಟು ಹೇಳಹೆಸರಿಲ್ಲದೆ ಕರಗಿ ಹೋಯಿತು. ಅಂದಿನಿಂದ ಶರಣಮ್ಮ ಲಿಂಗವನ್ನು ಬಟ್ಟೆಯಲ್ಲೇ ಕಟ್ಟಿಕೊಂಡವಳು. ಆ ಕತೆಯನ್ನು ಓಣಿಯಲ್ಲಿ ಹೇಳಿ ಹೇಳಿ ಆಕೆಯ ಬಾಯಿಗೆ ಅದು ಹಾಡಿನಂತೆ ಕೂತಿತ್ತು.

ಆದರೆ ಸೊಸೆಗೆ ಮಾತ್ರ ಬೆಳ್ಳಿ ಮಾಡಿಸಿದ್ದಳು. ಮದುವೆಯಲ್ಲಿ ಊರವರು ಮೂಗಿನ ಮೇಲೆ ಬೆರಳಿಡಬೇಕೆಂದು ಕಲಬುರಗಿಯ ಸರಾಫ ಬಜಾರಿನಲ್ಲಿ ಪತ್ತಾರನನ್ನು ಮುಂದೆ ಕೂರಿಸಿಕೊಂಡು ಹನ್ನೆರಡು ತೊಲೆಯ ಕರಡಿಗೆ ಮಾಡಿಸಿದ್ದಳು. ಊರವರು ಬೆರಳಿಟ್ಟಿದ್ದರು ಕೂಡ. ಈಗ ಆ ಜಂಬವೇ ಗಂಟಾಗಿ ಸೊಸೆಯ ಎದೆಯಲ್ಲಿ ಕೂತಿತೆಂದು ಆಕೆಗೆ ಅನಿಸಿ, ಒಂದು ಗಳಿಗೆ ಕೆಡುಕೆನಿಸಿತು.

“ನಂದೇ ತಪ್ಪು, ಜಯವ್ವಾ. ಅಷ್ಟು ಭಾರದ್ದು ಮಾಡಿಸಬಾರದಿತ್ತು. ತಗೀ ಅದನ್ನ.”

ಲಿಂಗ ಬೆಳ್ಳಿಯಿಂದ ಬಿಳಿ ಬಟ್ಟೆಗೆ ಬಂತು. ಕರಡಿಗೆ ಹಳೆಯ ಖಣದಲ್ಲಿ ಸುತ್ತಿಕೊಂಡು ಟ್ರಂಕಿನ ತಳ ಸೇರಿತು. ದಿನಾ ಪೂಜೆಯಾದ ಮೇಲೆ ಶರಣಮ್ಮ ತಾನೇ ವಿಭೂತಿ ಅರೆದು ಹಚ್ಚತೊಡಗಿದಳು. ಗಂಡಸರಿಗೆ ಹೇಳಕೂಡದೆಂದು ಕಟ್ಟಪ್ಪಣೆ ಮಾಡಿದಳು. ಎದೆಯ ಸುದ್ದಿ ಅಂಗಡಿಯ ಕಟ್ಟೆಗೆ ಹೋಗಬಾರದು. ಜಯದೇವಿಗೂ ಹೇಳುವ ಮನಸ್ಸಿರಲಿಲ್ಲ. ನಲವತ್ತೆಂಟಕ್ಕೆ ಬಂದ ಹೆಂಗಸು, ಮನೆಗೆ ಸೊಸೆ ಬಂದಾಗಿದೆ, ಇನ್ನೀಗ ಎದೆ ತೋರಿಸುತ್ತ ದವಾಖಾನೆ ಸುತ್ತುವುದೇ? ಅತ್ತೆ ಬೇಡವೆಂದದ್ದು ಅವಳಿಗೆ ಅನುಕೂಲವೇ ಆಯಿತು.

ದಸರೆ ಮುಗಿದ ವಾರ ಆಶಾ ಕಾರ್ಯಕರ್ತೆ ರಾಧಿಕಾ ರಿಜಿಸ್ಟರ್ ಹಿಡಿದು ಬಂದಳು. ಮೂವತ್ತು ದಾಟಿದ ಹೆಂಗಸರ ಹೆಸರು ಬರೆದುಕೊಳ್ಳುತ್ತಿದ್ದಳು; ಮುಂದಿನ ಬುಧವಾರ ದವಾಖಾನೆಯಲ್ಲಿ ಬಿಪಿ, ಸಕ್ಕರೆ, ಬಾಯಿ, ಎದೆ, ಗರ್ಭಚೀಲದ ಬಾಯಿ, ಎಲ್ಲ ನೋಡುತ್ತಾರೆ ಎಂದಳು. ಮಲ್ಲಣ್ಣನ ಮಗ ಅರುಣಕುಮಾರನ ಹೆಂಡತಿ ಅಂಜನಾ ಚಹಾ ತಂದು ಕೊಟ್ಟಳು. ಮಹಾಗಾಂವದ ಹುಡುಗಿ, ಮದುವೆಯಾಗಿ ಒಂದು ವರ್ಷ. ಬಾಯಿ ಕಡಿಮೆ, ಕಿವಿ ಹೆಚ್ಚು.

ರಾಧಿಕಾ ಚಹಾ ಕುಡಿಯುತ್ತ ಎಲ್ಲ ಮನೆಗಳಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳಿದಳು. ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳಬೇಕು. ಗಂಟು ಹತ್ತಿದರೆ, ತೊಟ್ಟು ಒಳಗೆ ಎಳೆದರೆ, ನೀರೋ ರಕ್ತವೋ ಬಂದರೆ, ಚರ್ಮ ಮೋಸಂಬಿ ಸಿಪ್ಪೆಯ ಹಾಗೆ ಆದರೆ ಒಂದು ದಿನವೂ ತಡ ಮಾಡಬಾರದು.

“ನೋವು ಇದ್ರ ಅಷ್ಟೇ ಬರಬೇಕೇನ್ರಿ?” ಎಂದಳು ಅಂಜನಾ.

“ಭಾಳ ಮಂದಿಗಿ ನೋವಿರೂದಿಲ್ಲ ಅಕ್ಕಾ. ಅದಕ್ಕೇ ಮೋಸ ಆಗ್ತದ.”

ಶರಣಮ್ಮನ ಕೈಯಲ್ಲಿದ್ದ ಮೊರ ನಿಂತಿತು. ಒಳಗೆ ಪಾತ್ರೆ ತೊಳೆಯುತ್ತಿದ್ದ ಜಯದೇವಿಯ ಸಪ್ಪಳವೂ ನಿಂತಿತು. ಆಮೇಲೆ ಮೊರ ಮತ್ತೆ ಆಡಿತು. “ನಮ್ಮ ಮನ್ಯಾಗ ಯಾರಿಗೂ ಏನೂ ಇಲ್ಲವ್ವಾ,” ಎಂದು ಶರಣಮ್ಮ ನಗುತ್ತಲೇ ಹೇಳಿ, ರಾಧಿಕಾಳಿಗೆ ಎರಡು ಕೆಂಪು ಬಾಳೆಹಣ್ಣು ಕೊಟ್ಟು ಕಳಿಸಿದಳು.

ಆ ಮಧ್ಯಾಹ್ನ ಸೊಸೆಯ ಎದೆ ಮುಟ್ಟಿದಾಗ ಗಂಟು ಬೋರೆಹಣ್ಣಿನಷ್ಟಾಗಿತ್ತು. ಕರಗುವ ಮೊದಲು ಹಣ್ಣಾಗಲೇಬೇಕು, ಹಣ್ಣಾಗುವಾಗ ಉಬ್ಬಲೇಬೇಕು ಎಂದು ಶರಣಮ್ಮ ಸೊಸೆಗೆ ಹೇಳಿದಳು. ತನಗೆ ತಾನೂ ಹೇಳಿಕೊಂಡಳು. ಸೋತೆ ಎನ್ನುವುದಕ್ಕೆ ಆಕೆಗೆ ಅಭ್ಯಾಸವಿರಲಿಲ್ಲ, ಅಷ್ಟೇ.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಬಂತು. ಹೊಲಕ್ಕೆ ಚರಗದ ಎಡೆ ಒಯ್ಯುವ ಹಬ್ಬ. ಹಿಂದಿನ ದಿನದಿಂದಲೇ ಸಜ್ಜೆ ಕಡುಬು, ಅಂಬಲಿ, ಹಸಿಕಾಳು-ಸೊಪ್ಪು ಎಲ್ಲ ಹಾಕಿ ಕುದಿಸುವ ಭಜ್ಜಿ. ಹಬ್ಬದ ಬೆಳಿಗ್ಗೆ ಜಯದೇವಿ ಭಜ್ಜಿಯ ಪಾತ್ರೆ ಒಲೆಯಿಂದ ಇಳಿಸಲು ಹೋದಳು. ಎಡಗೈ ಏಳಲಿಲ್ಲ. ಪಾತ್ರೆ ವಾಲಿ ಅರ್ಧ ಭಜ್ಜಿ ನೆಲಕ್ಕೆ ಚೆಲ್ಲಿತು, ಸೀರೆಯೆಲ್ಲ ತೊಯ್ದಿತು. ಅಂಜನಾ ಓಡಿ ಬಂದು ಅತ್ತೆಯನ್ನು ಬಚ್ಚಲಿಗೆ ಕರೆದೊಯ್ದು ಕುಪ್ಪಸದ ಗುಂಡಿ ಬಿಚ್ಚಿದಳು. ಜಯದೇವಿ ಕೈ ಅಡ್ಡ ಹಿಡಿದಳು, ಆದರೆ ಹುಡುಗಿ ನೋಡಿಯಾಗಿತ್ತು.

ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದರು. ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ, ಉಳಿದ ಭಜ್ಜಿಯನ್ನು ಬಡಿಸುತ್ತ ಅಂಜನಾ ನಿಂತಲ್ಲೇ ಹೇಳಿಬಿಟ್ಟಳು.

“ಅತ್ತಿ ಎದಿ ಮ್ಯಾಲ ಗಂಟು ಅದ. ಚರ್ಮ ಮೋಸಂಬಿ ಸಿಪ್ಪಿಗತೆ ಆಗ್ಯಾದ. ಶ್ರಾವಣದಿಂದ ಅದ ಅಂತ. ಆಯಿಗಿ ಗೊತ್ತದ.”

ಅರುಣಕುಮಾರ ಕಲಬುರಗಿಯ ಮಾರುಕಟ್ಟೆ ನೆಹರು ಗಂಜಿನಲ್ಲಿ ತೊಗರಿ ಅಡತಿ ಅಂಗಡಿಯೊಂದರ ಗುಮಾಸ್ತ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಮೈತುಂಬ ಧೂಳು ಹೊತ್ತು ಬರುವವನು. ಆಯಿ ಎಂದು ಕರೆಯುವ ಅಜ್ಜಿಗೆ ಎಂದೂ ಎದುರಾಡಿದವನಲ್ಲ.

“ಆಯಿ, ಖರೇನಾ?”

“ಬೆಳ್ಳಿ ಭಾರಕ್ಕ ಆಗ್ಯಾದಪ್ಪಾ. ನನಗೂ ಆಗಿತ್ತು. ಕರಗ್ತದ.”

“ಐದು ತಿಂಗಳಾತು. ಎಂದ ಕರಗ್ತದ? ನೀ ಏನ್ ಡಾಕ್ಟರಾ?”

“ಹುಟ್ಟಿದಾಗ ನಿನ್ನ ಹೊಕ್ಕಳಾ ಕೊಯ್ದಾಕಿ ನಾ. ಆಗ ಯಾವ ಡಾಕ್ಟರ್ ಬಂದಿದ್ದ?”

ಮಲ್ಲಣ್ಣ ಇಬ್ಬರ ಕಡೆಯೂ ನೋಡಲಿಲ್ಲ, ಹೆಂಡತಿಯ ಕಡೆ ನೋಡಿದ. ಜಯದೇವಿ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಳು. “ನನಗರ ಹೇಳಬೇಕಿತ್ತು,” ಎಂದಷ್ಟೇ ಹೇಳಿ ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ. ಹಬ್ಬದ ದಿನ ಅರ್ಧ ಊಟಕ್ಕೆ ಎದ್ದದ್ದು ಶರಣಮ್ಮನಿಗೆ ಅಪಶಕುನವೆನಿಸಿತು.

ಎರಡು ದಿನ ಬಿಟ್ಟು ಕಲಬುರಗಿಗೆ ಹೋದರು. ಅರುಣಕುಮಾರನ ಗೆಳೆಯನೊಬ್ಬ ಹೇಳಿದ ಸ್ಕ್ಯಾನಿಂಗ್ ಸೆಂಟರ್. ಯಾರು ಬೇಡವೆಂದರೂ ಕೇಳದೆ ಶರಣಮ್ಮ ಬಸ್ಸು ಹತ್ತಿದ್ದಳು; ಸೊಸೆಯನ್ನು ಕಣ್ಣಳತೆಯಿಂದ ಬಿಡಲು ಈಗ ಆಕೆಗೆ ಆಗುತ್ತಿರಲಿಲ್ಲ. ಒಳಗಿನ ಕೋಣೆಗೆ ಹೆಂಗಸರನ್ನಷ್ಟೇ ಬಿಟ್ಟರು. ಅಲ್ಲಿದ್ದ ಹುಡುಗಿ ಮೊಬೈಲಿನಿಂದ ತಲೆ ಎತ್ತದೆಯೇ ಪ್ಲಾಸ್ಟಿಕ್ಕಿನ ಟ್ರೇ ಒಂದನ್ನು ಮುಂದೆ ತಳ್ಳಿದಳು.

“ಕೊರಳಾಗಿಂದು ಎಲ್ಲಾ ತಗದು ಇದರಾಗ ಹಾಕ್ರಿ.”

ಟ್ರೇಯಲ್ಲಿ ಯಾರದೋ ಹೇರ್‌ಪಿನ್ನು, ಯಾರದೋ ಬೀಗದಕೈ, ಅರ್ಧ ತಿಂದ ಚಾಕಲೇಟಿನ ಕಾಗದ. ಜಯದೇವಿ ತಾಳಿ ತೆಗೆದಳು, ಶಿವದಾರಕ್ಕೆ ಕೈ ಹಾಕಿ ನಿಂತಳು, ಅತ್ತೆಯ ಮುಖ ನೋಡಿದಳು.

“ಲಿಂಗ ತಗ್ಯಾಂಗಿಲ್ಲವ್ವಾ,” ಎಂದಳು ಶರಣಮ್ಮ.

“ತಗೀಲಿಲ್ಲಂದ್ರ ತೆಗಿಯಾಕ ಬರೂದಿಲ್ರಿ ಫೋಟೋ. ಹಿಂದ ಹತ್ತು ಮಂದಿ ಕುಂತಾರ. ಜಲ್ದಿ ಮಾಡ್ರಿ.”

ಲಿಂಗ ಮೈ ಬಿಟ್ಟರೆ ಜೀವ ಬಿಟ್ಟ ಹಾಗೆಂದು ಶರಣಮ್ಮ ನಂಬಿ ಬದುಕಿದವಳು. ಬೀಗದಕೈ ಜೊತೆ ಅದನ್ನು ಇಡುವುದೆಂದರೆ ಆಕೆಗೆ ಯೋಚಿಸುವ ಮಾತೇ ಆಗಿರಲಿಲ್ಲ. ಸೊಸೆಯ ರಟ್ಟೆ ಹಿಡಿದು ಹೊರಗೆ ಬಂದಳು. ಜಯದೇವಿಯೂ ಬಿಡಿಸಿಕೊಳ್ಳಲಿಲ್ಲ. ಅರುಣಕುಮಾರ ರಸ್ತೆಯಲ್ಲಿ ನಿಂತು ಬೇಡಿಕೊಂಡ, ಆಮೇಲೆ ಕೂಗಾಡಿದ. ಆಟೋದವರೆಲ್ಲ ತಿರುಗಿ ನೋಡಿದರು. ಇಬ್ಬರು ಹೆಂಗಸರು ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟರು.

ಮರುವಾರದಿಂದ ಗಂಜಿನಲ್ಲಿ ಹೊಸ ತೊಗರಿಯ ಆವಕ ಶುರುವಾಯಿತು. ಅರುಣಕುಮಾರನಿಗೆ ಒಂದು ದಿನದ ರಜೆಯೂ ಸಿಗಲಿಲ್ಲ. ಮಲ್ಲಣ್ಣ ಸಂಕ್ರಾಂತಿ ಮುಗಿಯಲಿ ಎಂದ. ಹೀಗೆ ಒಟ್ಟು ಇಪ್ಪತ್ತಾರು ದಿನ ಹೋದವು. ಅಷ್ಟರಲ್ಲಿ ಜಯದೇವಿಗೆ ಕಂಕುಳಲ್ಲಿ ಇನ್ನೊಂದು ಗಂಟು ಬಂತು, ನಡು ಹಿಡಿದುಕೊಂಡಿತು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ರೊಟ್ಟಿಯನ್ನು ಅಂಜನಾ ಬಡಿಯತೊಡಗಿದಳು, ಅದು ಹರಿಯುತ್ತಿತ್ತು.

ಎರಡನೆಯ ಸಲ ಹೋದದ್ದು ದೊಡ್ಡ ದವಾಖಾನೆಗೆ. ಎದೆಯ ಎಕ್ಸ್‌ರೇ ತೆಗೆಯುವ ಕೋಣೆಯಲ್ಲಿ ನಜ್ಮಾ ಎಂಬ ಸಿಸ್ಟರ್ ಇದ್ದಳು. ನಡುವಯಸ್ಸು, ತಲೆಗೆ ಕಪ್ಪು ಬಟ್ಟೆ, ಕಣ್ಣಿಗೆ ಕನ್ನಡಕ. ಜಯದೇವಿಯ ಕೈ ಶಿವದಾರದ ಮೇಲೆ ನಿಂತದ್ದನ್ನು ನೋಡಿ ತಾನೇ ಹೇಳಿದಳು.

“ತಗೀಬ್ಯಾಡ್ರಿ ಅಕ್ಕಾ. ತಲಿಗಿ ಕಟ್ಟಿಕೊಳ್ರಿ, ಇಲ್ಲಾಂದ್ರ ಬಲಗೈ ಮುಷ್ಟಿಯಾಗ ಹಿಡ್ಕೊಳ್ರಿ. ಮೈಗಿ ಹತ್ತಿರಬೇಕು, ಹೌದಿಲ್ರಿ? ನಿಮ್ಮವರು ದಿನಾ ಬರ್ತಾರ, ನನಗ ಗೊತ್ತದ.”

ಶರಣಮ್ಮ ತಾನೇ ಸೊಸೆಯ ತಲೆಗೆ ಲಿಂಗ ಕಟ್ಟಿದಳು. ಎರಡು ನಿಮಿಷದ ಕೆಲಸ. ಕೊನೆಯ ಗಂಟು ಮಾತ್ರ ಆಕೆಗೆ ಹಾಕಲು ಬರಲಿಲ್ಲ. ನಜ್ಮಾ ಬಂದು ಹಾಕಿಕೊಟ್ಟಳು. ತಲೆಗೆ ಕಟ್ಟಬಹುದೆಂದು ತನಗೆ ಯಾಕೆ ಹೊಳೆಯಲಿಲ್ಲ? ಹಿಂದಿನವರು ಕೊರಳಿಗೆ, ತೋಳಿಗೆ, ತಲೆಗೆ ಕಟ್ಟಿದ್ದನ್ನು ಆಕೆ ಕಂಡವಳೇ. ಆ ದಿನ ಸಿಟ್ಟು ಮುಂದೆ ಬಂದಿತ್ತು, ಬುದ್ಧಿ ಹಿಂದೆ ಉಳಿದಿತ್ತು.

ಸೂಜಿ ಹಾಕಿ ತುಣುಕು ತೆಗೆದರು. ಇನ್ನೊಂದು ದೊಡ್ಡ ಸ್ಕ್ಯಾನ್ ಮಾಡಿದರು. ವಾರ ಬಿಟ್ಟು ರಿಪೋರ್ಟಿಗೆ ಹೋದಾಗ ಡಾಕ್ಟರಮ್ಮ ಜಯದೇವಿಯನ್ನು ಪರದೆಯಾಚೆಯ ಮಂಚದ ಮೇಲೆ ಮಲಗಿಸಿ ಪರೀಕ್ಷೆ ಮಾಡಿದಳು. ಈಚೆ ಬಂದು ಕೈ ತೊಳೆದು ಗಂಡಸರ ಮತ್ತು ಶರಣಮ್ಮನ ಮುಂದೆ ಕೂತಳು. ಮೊಲೆಯ ಕ್ಯಾನ್ಸರ್, ಎಲುಬಿಗೂ ಲಿವರಿಗೂ ಹೋಗಿದೆ ಎಂದಳು. ಈಗ ಆಪರೇಶನ್ನಿನಿಂದ ಗುಣವಾಗುವ ಹಂತ ದಾಟಿದೆ. ಇಪ್ಪತ್ತೊಂದು ದಿನಕ್ಕೊಮ್ಮೆ ಔಷಧ ಏರಿಸೋಣ, ಎಷ್ಟು ತಡೆಯುತ್ತದೋ ನೋಡೋಣ. ಸರಕಾರಿ ಕಾರ್ಡಿನಲ್ಲಿ ಆಗುತ್ತದೆ. ಮಲ್ಲಣ್ಣ ತಲೆ ಆಡಿಸುತ್ತಲೇ ಇದ್ದ, ಅವನ ಕಿವಿಗೆ ಏನು ಬಿತ್ತೋ ದೇವರೇ ಬಲ್ಲ.

ಎಲ್ಲರೂ ಏಳುವಾಗ ಶರಣಮ್ಮ ಏಳಲಿಲ್ಲ.

“ಡಾಕ್ಟರವ್ವಾ, ನನಗೂ ಇಂಥಾದ್ದೇ ಆಗಿತ್ತು, ಕೂಸಿಗಿ ಹಾಲು ಕೊಡೂ ಮುಂದ. ಲಿಂಗದ ಕರಡಗಿ ತಗದ ಮ್ಯಾಲ ಕರಗಿ ಹೋತು.”

“ನಿಮ್ಮದು ಹಾಲಿನ ಗಂಟು ಇರಬೇಕಮ್ಮಾ. ಅದು ತಾನೇ ಕರಗ್ತದ. ಹತ್ತು ಗಂಟಿನ್ಯಾಗ ಎಂಟು-ಒಂಬತ್ತು ಹಂಗೇ ಇರ್ತಾವ, ಏನೂ ಮಾಡಂಗಿಲ್ಲ. ಆದ್ರ ಯಾವುದು ಸುಮ್ಮಂದು ಯಾವುದು ಅಲ್ಲ ಅಂತ ಬರೇ ಕೈಲೇ ಮುಟ್ಟಿ ಹೇಳಾಕ ನನಗೂ ಬರೂದಿಲ್ಲ. ಅದಕ್ಕೇ ಸೂಜಿ ಹಾಕಿ ನೋಡೂದು.”

“ಬೆಳ್ಳಿ ಒತ್ತಿದ್ದಕ್ಕ ಬರ್ತದೇನು?”

“ಇಲ್ಲ. ಒತ್ತಿದ್ದಕ್ಕ, ತಾಗಿದ್ದಕ್ಕ ಇದು ಬರೂದಿಲ್ಲ.”

ಶರಣಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಶ್ರಾವಣದಾಗ ಹುಣಚಿಬೀಜದಷ್ಟು ಇತ್ತು. ಆಗ ಕರ್ಕೊಂಡು ಬಂದಿದ್ರ?”

ಡಾಕ್ಟರಮ್ಮ ಮುದುಕಿಯ ಮುಖ ನೋಡಿ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

“ಖಾತ್ರಿ ಯಾರೂ ಹೇಳಾಕ ಬರೂದಿಲ್ಲ. ಆದ್ರ ಆಗ ಬಂದಿದ್ರ ಬಹುಶಃ ಎದಿಗಷ್ಟೇ ಇರ್ತಿತ್ತು. ಆಪರೇಶನ್ ಮಾಡಿ, ಔಷಧ ಕೊಟ್ಟು, ಉಳಿಸೂ ದಾರಿ ಇತ್ತು.”

ಪರದೆಯಾಚೆ ಬಳೆಯ ಸಪ್ಪಳವಾಯಿತು. ಜಯದೇವಿ ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತರು. ಮಹಾಗಾಂವ ಕ್ರಾಸ್ ದಾಟುವವರೆಗೆ ಇಬ್ಬರೂ ಕಿಟಕಿಯ ಹೊರಗೆ ನೋಡಿದರು. ಆಮೇಲೆ ಜಯದೇವಿ, ಮನೆಯಲ್ಲಿ ಮೊಸರು ಇದೆಯೋ ಇಲ್ಲವೋ ಎಂದು ಕೇಳಿದಳು. ಇದೆ ಎಂದಳು ಶರಣಮ್ಮ. ಬೈದಿದ್ದರೆ ಚೆನ್ನಾಗಿತ್ತು, ಕೆನ್ನೆಗೆ ಹೊಡೆದಿದ್ದರೂ ಚೆನ್ನಾಗಿತ್ತು ಎಂದು ಆಕೆಗೆ ಅನಿಸಿತು.

ಆಮೇಲಿನ ದಿನಗಳು ಇಪ್ಪತ್ತೊಂದರ ಲೆಕ್ಕದಲ್ಲಿ ನಡೆದವು. ಔಷಧ ಏರಿಸಿಕೊಂಡು ಬಂದ ವಾರ ಜಯದೇವಿಯ ಬಾಯಿ ಹುಣ್ಣಾಗುತ್ತಿತ್ತು, ಒಗ್ಗರಣೆಯ ವಾಸನೆಗೆ ವಾಂತಿಯಾಗುತ್ತಿತ್ತು. ಮನೆಯಲ್ಲಿ ಒಗ್ಗರಣೆ ನಿಂತಿತು. ಎಲ್ಲರೂ ಮೊಸರನ್ನ, ಬೇಳೆಕಟ್ಟು ತಿಂದರು. ಕೂದಲು ಬಾಚಣಿಗೆಗೆ ಬಂದಿತು, ಆಮೇಲೆ ದಿಂಬಿಗೆ ಬಂದಿತು. ಅಂಜನಾ ಉಳಿದದ್ದನ್ನು ಕತ್ತರಿಯಿಂದ ತೆಗೆದು ತಲೆಗೆ ಹತ್ತಿಯ ಬಟ್ಟೆ ಸುತ್ತಿದಳು. ಶರಣಮ್ಮ ಮತ್ತೆ ಒಲೆಯ ಮುಂದೆ ಕೂತಳು. ಹತ್ತು ವರ್ಷದ ಮೇಲೆ ಮತ್ತೆ ರೊಟ್ಟಿ ಬಡಿದಳು. ಆ ಸಪ್ಪಳ ಜಯದೇವಿಯ ಸಪ್ಪಳದ ಹಾಗಿರಲಿಲ್ಲ, ನಡುನಡುವೆ ನಿಲ್ಲುತ್ತಿತ್ತು. ಮಲ್ಲಣ್ಣ ತಾಯಿ ಬಡಿಸಿದ್ದನ್ನು ಉಣ್ಣುತ್ತಿದ್ದ, ಇನ್ನೊಂದು ಹಾಕು ಎಂದು ಮಾತ್ರ ಕೇಳುತ್ತಿರಲಿಲ್ಲ.

ಮೂರನೆಯ ಸಲ ಔಷಧ ಆದ ಮೇಲೆ ಒಂದು ಮಧ್ಯಾಹ್ನ ಶರಣಮ್ಮ ವಿಭೂತಿ ಅರೆಯಲು ಕೂತಳು. ಯಾಕೆ ಕೂತಳೋ, ಕೈಗೆ ಅಭ್ಯಾಸವಾಗಿತ್ತು. ರಜೆಯಲ್ಲಿದ್ದ ಅರುಣಕುಮಾರ ಅದನ್ನು ಕಂಡು ಬಟ್ಟಲನ್ನು ಕಸಿದು ಅಂಗಳಕ್ಕೆ ಎಸೆದ.

“ಇನ್ನೂ ಸಾಕಾಗಿಲ್ಲಾ ನಿನಗ? ನಮ್ಮವ್ವನ್ನ ತಿಂದಿ, ಇನ್ನೂ ಏನ್ ಬೇಕು?”

ಶರಣಮ್ಮ ಅಂಗಳದಲ್ಲಿ ಚೆಲ್ಲಿದ ಬೂದಿ ನೋಡುತ್ತ ಕೂತಳು. ಒಳಗಿನಿಂದ ಜಯದೇವಿ ಗೋಡೆ ಹಿಡಿದು ಬಂದಳು. ಬಾಗಿಲವರೆಗೆ ಬರಲು ಅವಳಿಗೆ ಬಹಳ ಹೊತ್ತು ಬೇಕಾಯಿತು.

“ಅರುಣ್, ಆಯಿಗಿ ಅನ್ನಬ್ಯಾಡ. ಗಂಟು ನನ್ನ ಎದ್ಯಾಗ ಇತ್ತು. ರಾಧಿಕಾ ಹೇಳಿದ್ದು ನಾನೂ ಕೇಳೀನಿ. ಹೋಗಬೇಕು ಅನಿಸಿದ್ರ ನನಗೇನು ಕಾಲು ಇರಲಿಲ್ಲಾ?”

ಅವಳು ಅತ್ತೆಯನ್ನು ಬಿಡಿಸಲೆಂದು ಹೇಳಿದ್ದು. ಶರಣಮ್ಮನಿಗೆ ಮಾತ್ರ ಅದು ಮೊಮ್ಮಗನ ಮಾತಿಗಿಂತ ಹೆಚ್ಚು ಹತ್ತಿತು. ಆ ಸಂಜೆ ಆಕೆ ಊಟ ಮಾಡಲಿಲ್ಲ, ಯಾಕೆಂದು ಯಾರೂ ಕೇಳಲೂ ಇಲ್ಲ.

ಬೇಸಿಗೆ ಏರಿತು. ಇನ್ನೊಮ್ಮೆ ಸ್ಕ್ಯಾನ್ ಮಾಡಿ ನೋಡಿದ ಡಾಕ್ಟರಮ್ಮ, ಈ ಔಷಧಕ್ಕೆ ಅದು ಬಗ್ಗುತ್ತಿಲ್ಲ, ಮೈಯೂ ತಡೆಯುತ್ತಿಲ್ಲ ಎಂದಳು. ನೋವಿಗೆ ಮಾತ್ರೆ ಬರೆದುಕೊಟ್ಟು, ಹೊತ್ತು ತಪ್ಪಿಸದೆ ಕೊಡಬೇಕು, ನೋವು ತಿನ್ನಲು ಬಿಡಬಾರದು ಎಂದು ಅಂಜನಾಳಿಗೆ ಎರಡು ಸಲ ಹೇಳಿದಳು. ಜಯದೇವಿ ಪಡಸಾಲೆಯ ಮಂಚಕ್ಕೆ ಬಂದಳು. ಅಲ್ಲಿಂದ ಅವಳಿಗೆ ಒಲೆ ಕಾಣುತ್ತಿತ್ತು. ಉಪ್ಪು ಎಷ್ಟು ಹಾಕಿದಿರಿ, ಹಿಟ್ಟು ಗಟ್ಟಿಯಾಯಿತಲ್ಲ ಎಂದು ಅಲ್ಲಿಂದಲೇ ಹೇಳುತ್ತಿದ್ದಳು. ದಿನ ಹೋದಂತೆ ಅದನ್ನೂ ಬಿಟ್ಟಳು.

ಆ ದಿನಗಳಲ್ಲೇ ಮೂರನೆಯ ಮನೆಯ ಭಾಗ್ಯಜ್ಯೋತಿ ಬಂದಳು. ಮೂವತ್ತೈದರ ಹೆಂಗಸು, ಎರಡು ಮಕ್ಕಳ ತಾಯಿ. ರೋಗಿಯನ್ನು ಮಾತಾಡಿಸಿ, ಹೋಗುವಾಗ ಶರಣಮ್ಮನನ್ನು ಹಿತ್ತಲಿಗೆ ಕರೆದು ದನಿ ತಗ್ಗಿಸಿದಳು.

“ಆಯಿ, ನಿಮ್ಮ ಗಂಟು ಕರಗಿತ್ತಲ್ರಿ, ಅದಕ್ಕ ಏನ್ ಹಚ್ಚಿದ್ರಿ? ವಿಭೂತಿ ಜೋಡಿ ಇನ್ನೇನರ ಕಲಸಿದ್ರೇನು?”

ಹಾಡಿನಂತೆ ಹೇಳಿದ ಕತೆ ಇನ್ನೂ ಓಣಿಯಲ್ಲಿ ಓಡಾಡುತ್ತಿತ್ತು. ಶರಣಮ್ಮ ಭಾಗ್ಯಜ್ಯೋತಿಯ ಎರಡೂ ಕೈ ಹಿಡಿದಳು. ಹಚ್ಚಿದ್ದರಿಂದ ಏನೂ ಆಗಲಿಲ್ಲ, ಅದು ಹಾಲಿನ ಗಂಟು, ತಾನೇ ಕರಗಿತ್ತು ಎಂದಳು. ಇವತ್ತೇ ದವಾಖಾನೆಗೆ ಹೋಗು, ರಾಧಿಕಾಳನ್ನು ಕರೆಸುತ್ತೇನೆ, ನಾನೂ ಜೊತೆಗೆ ಬರುತ್ತೇನೆ ಎಂದಳು. ಹತ್ತರಲ್ಲಿ ಒಂಬತ್ತು ಏನೂ ಇರುವುದಿಲ್ಲವಂತೆ, ಹೆದರಬೇಡ, ತೋರಿಸು ಸಾಕು ಎಂದು ಅಂಗಲಾಚಿದಳು. ಭಾಗ್ಯಜ್ಯೋತಿ ಕೈ ಬಿಡಿಸಿಕೊಂಡಳು.

“ದವಾಖಾನಿಗಿ ಹೋದ ಮ್ಯಾಲೇ ಜಯಕ್ಕ ಮಲಗಿದ್ದು. ಹೇಳಾಕ ಮನಸಿಲ್ಲಂದ್ರ ಬಿಡ್ರಿ ಆಯಿ.”

ಔಷಧ ಗೊತ್ತಿದ್ದೂ ಮುದುಕಿ ಬಚ್ಚಿಡುತ್ತಾಳೆಂದು ಅವಳಿಗೆ ಸಿಟ್ಟು. ಹಿತ್ತಲ ಬಾಗಿಲಿನಿಂದಲೇ ಹೋದಳು. ಶರಣಮ್ಮ ಆಗಲೇ ರಾಧಿಕಾಳಿಗೆ ಫೋನ್ ಮಾಡಿಸಿದಳು. ರಾಧಿಕಾ ಎರಡು ಸಲ ಹೋದರೂ ಆ ಮನೆಯವರು ಏನೂ ಇಲ್ಲವೆಂದು ಚಹಾ ಕೊಟ್ಟು ಕಳಿಸಿದರು. ನಲವತ್ತು ವರ್ಷ ಆಕೆಯ ಮಾತು ನಂಬಿದ ಓಣಿ, ನಂಬಬೇಕಾದ ಒಂದು ಮಾತನ್ನು ನಂಬಲಿಲ್ಲ.

ಜ್ಯೇಷ್ಠದಲ್ಲಿ ಮೊದಲ ಮಳೆ ಬಿದ್ದ ಮರುದಿನ, ಮಧ್ಯಾಹ್ನದ ಹೊತ್ತು. ಮಲ್ಲಣ್ಣ ಬೀಜದ ಗದ್ದಲವೆಂದು ಅಂಗಡಿಗೆ ಹೋಗಿದ್ದ, ಅರುಣಕುಮಾರ ಗಂಜಿನಲ್ಲಿದ್ದ. ಅಂಜನಾ ಮಾತ್ರೆ ಕೊಟ್ಟು ಬಟ್ಟೆ ಒಗೆಯಲು ಹಿತ್ತಲಿಗೆ ಹೋಗಿದ್ದಳು. ಶರಣಮ್ಮ ಸೊಸೆಯ ಬಾಯಿಗೆ ಚಮಚದಿಂದ ಗಂಜಿ ಹಾಕುತ್ತಿದ್ದಳು. ಎರಡು ಚಮಚಕ್ಕೆ ಜಯದೇವಿ ಸಾಕೆಂದಳು. ಕಣ್ಣು ಮುಚ್ಚಿದಳು, ಮತ್ತೆ ತೆರೆದಳು.

“ಅತ್ತಿ, ಟ್ರಂಕಿನ್ಯಾಗಿನ ಕರಡಗಿ ತರ್ರಿ.”

ಶರಣಮ್ಮ ತಂದಳು. ಹಳೆಯ ಖಣ ಬಿಚ್ಚಿದಳು. ಬೆಳ್ಳಿ ಕಪ್ಪಾಗಿತ್ತು. ಸೆರಗಿನಿಂದ ಉಜ್ಜಿ ಉಜ್ಜಿ ಒರೆಸಿದಳು.

“ಲಿಂಗ ಅದರಾಗ ಇಟ್ಟು ಕಟ್ರಿ,” ಎಂದಳು ಜಯದೇವಿ.

“ಬ್ಯಾಡವ್ವಾ. ಭಾರ ಆಗ್ತದ.”

ಜಯದೇವಿ ಅತ್ತೆಯನ್ನೇ ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಹುಡುಕಿದರೂ ಇರಲಿಲ್ಲ.

“ಆದ್ರ ಆಗಲಿ ಬಿಡ್ರಿ. ಅದೇನು ಮಾಡಿತ್ತು ಪಾಪ. ಅದು ಏನೂ ಮಾಡಿರಲಿಲ್ಲ, ಅತ್ತಿ.”

ಶರಣಮ್ಮ ಬಟ್ಟೆಯ ಗಂಟು ಬಿಚ್ಚಿ ಲಿಂಗವನ್ನು ಸೊಸೆಯ ಎಡ ಅಂಗೈಯಲ್ಲಿಟ್ಟಳು. ಕರಡಿಗೆಗೆ ದಾರ ಪೋಣಿಸಿದಳು. ಲಿಂಗವನ್ನು ಅದರಲ್ಲಿಟ್ಟು, ಮುಚ್ಚಿ, ಎಲುಬು ಎದ್ದ ಆ ಎದೆಯ ಮೇಲೆ ಇಳಿಸಿದಳು. ಹನ್ನೆರಡು ತೊಲೆ. ಜಯದೇವಿ ಉಸಿರೆಳೆದಾಗ ಅದು ಒಂದಿಷ್ಟು ಎದ್ದಿತು, ಬಿಟ್ಟಾಗ ಕೆಳಗಿಳಿಯಿತು.

ಒತ್ತಿದ್ದರಿಂದ ಏನೂ ಆಗುವುದಿಲ್ಲವೆಂದು ಡಾಕ್ಟರಮ್ಮ ಹೇಳಿದ್ದಳು. ಶರಣಮ್ಮ ಅದನ್ನು ನಂಬಿದ್ದಳು ಕೂಡ. ಆದರೂ ಕರಡಿಗೆಯ ಕೆಳಗೆ ತನ್ನ ಅಂಗೈ ತೂರಿಸಿ, ಅದರ ಭಾರ ಸೊಸೆಯ ಎದೆಗೆ ತಾಗದ ಹಾಗೆ ಎತ್ತಿ ಹಿಡಿದು ಕೂತಳು. ಕೈ ಜೋಮು ಹಿಡಿಯಿತು, ತೆಗೆಯಲಿಲ್ಲ. ಬಟ್ಟೆ ಒಗೆದು ಬಂದ ಅಂಜನಾ ಅತ್ತೆಯ ಮೂಗಿನ ಹತ್ತಿರ ಬೆರಳಿಟ್ಟು ನೋಡಿ, “ಆಯಿ, ಕೈ ತಗೀರಿ,” ಎಂದು ಮೆಲ್ಲಗೆ ಹೇಳುವವರೆಗೂ ಹಾಗೆಯೇ ಹಿಡಿದುಕೊಂಡಿದ್ದಳು.